ತಿದ್ದಿದ ವಂಶವಾಹಿಯನ್ನು ಹೊತ್ತ ಹಣ್ಣುನೊಣವನ್ನು ಪತ್ತೆ ಹಚ್ಚುವ ಬಗೆ

1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ ಕಾಣಿಸಿಕೊಂಡ ಬಿಳಿಗಣ್ಣಿನ ಗಂಡು ನೊಣವನ್ನು ಗುರುತಿಸಲು ಚುರುಕಾದ ಕಣ್ಣೇ ಸಾಕಾಗಿತ್ತು. ಡಿಎನ್‌ಎಯನ್ನು ಆಯ್ದ ಜಾಗದಲ್ಲಿ ಕತ್ತರಿಸುವ ಕ್ರಿಸ್ಪರ್-ಕ್ಯಾಸ್9 ವಿಧಾನದಿಂದ ಇಂದು ನಾವು ಹಣ್ಣುನೊಣದಲ್ಲಿ, ಅಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ, ಮಾಡುವ ತಿದ್ದುಪಡಿಗಳಲ್ಲಿ ಹೆಚ್ಚಿನವು ಹಾಗೆ ಕಣ್ಣಿಗೆ ಬೀಳುವುದಿಲ್ಲ. ವಂಶವಾಹಿಯ ಒಂದು ಪ್ರತಿಯಲ್ಲಿ ಏಳು ಬೇಸ್ ಜೋಡಿಗಳು ಕಳಚಿಹೋಗಿದ್ದರೂ, ಇನ್ನೊಂದು ಪ್ರತಿ ಸರಿಯಾಗಿರುವವರೆಗೆ ಆ ನೊಣ ಪಕ್ಕದ ನೊಣದಂತೆಯೇ ಹಾರುತ್ತದೆ, ಕೂಡುತ್ತದೆ, ಮೊಟ್ಟೆಯಿಡುತ್ತದೆ. ಅದನ್ನು ಗುಂಪಿನಿಂದ ಬೇರ್ಪಡಿಸಿ, ಅದರ ಸಂತತಿ ಕೈತಪ್ಪದಂತೆ ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಈ ಕೆಲಸ ಕೆಟ್ಟಾಗ ಸಾಮಾನ್ಯವಾಗಿ ಬೈಗುಳ ತಿನ್ನುವುದು ಪಿಸಿಆರ್, ಅಂದರೆ ಡಿಎನ್‌ಎಯ ಆಯ್ದ ತುಣುಕನ್ನು ಅಸಂಖ್ಯ ಪ್ರತಿಗಳಾಗಿ ವರ್ಧಿಸುವ ವಿಧಾನ. ನಾನು ಕಂಡಂತೆ ತಪ್ಪು ಅದಕ್ಕಿಂತ ಹಿಂದೆ, ನೊಣಗಳನ್ನು ಕೂಡಿಸುವ ಯೋಜನೆಯಲ್ಲಿ ಮತ್ತು ಸೀಸೆಗಳ ಮೇಲೆ ಅಂಟಿಸಿದ ಚೀಟಿಗಳಲ್ಲಿ ಇರುತ್ತದೆ. ಆದ್ದರಿಂದ ಮುಂದಿನ ಎಲ್ಲ ಹಂತಗಳಿಗೂ ಅನ್ವಯಿಸುವ ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ನೊಣ, ಒಂದು ಸೀಸೆ, ಒಂದು ಸಂಖ್ಯೆ.

ಚುಚ್ಚುವ ಮೊದಲೇ ಮಾಡಬೇಕಾದ ತೀರ್ಮಾನ

ತಿದ್ದುಪಡಿಯನ್ನು ಹೇಗೆ ಪತ್ತೆ ಹಚ್ಚುತ್ತೇವೆ ಎಂಬುದನ್ನು ಕತ್ತರಿಸುವ ಸಾಮಗ್ರಿಯನ್ನು ಚುಚ್ಚಲು ಭ್ರೂಣಕ್ಕೆ ಸೂಜಿ ತಾಗುವ ಮೊದಲೇ ನಿರ್ಧರಿಸಿರಬೇಕು, ಏಕೆಂದರೆ ಆ ನಿರ್ಧಾರವೇ ಗೈಡ್ ಆರ್‌ಎನ್‌ಎಯ, ಅಂದರೆ ಕ್ಯಾಸ್9 ಅನ್ನು ಕತ್ತರಿಸಬೇಕಾದ ಜಾಗಕ್ಕೆ ಕರೆದೊಯ್ಯುವ ಚಿಕ್ಕ ಅಣುವಿನ, ಆಯ್ಕೆಯನ್ನು ಬದಲಿಸಬಲ್ಲದು. ಕ್ಯಾಸ್9 ಕಿಣ್ವವು ಎನ್‌ಜಿಜಿ (ಯಾವುದಾದರೂ ಒಂದು ಬೇಸ್, ಅನಂತರ ಎರಡು ಜಿ) ಎಂಬ ಪ್ಯಾಮ್ ಗುರುತಿಗಿಂತ ಮೂರು ಬೇಸ್ ಹಿಂದೆ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಜೀವಕೋಶವು ಆ ತುದಿಗಳನ್ನು ಅವಸರದಲ್ಲಿ ಬೆಸೆಯುವಾಗ ಕೆಲವು ಬೇಸ್‌ಗಳು ಕಳೆದುಹೋಗುತ್ತವೆ ಅಥವಾ ಹೊಸದಾಗಿ ಸೇರಿಕೊಳ್ಳುತ್ತವೆ. ಕತ್ತರಿಸುವ ಜಾಗದ ಮೇಲೆಯೇ ಯಾವುದಾದರೂ ನಿರ್ಬಂಧಕ ಕಿಣ್ವದ, ಅಂದರೆ ನಿರ್ದಿಷ್ಟ ಅನುಕ್ರಮ ಕಂಡಲ್ಲಿ ಡಿಎನ್‌ಎ ಕತ್ತರಿಸುವ ಕಿಣ್ವದ, ತಾಣವಿದ್ದರೆ, ಆ ತಾಣ ಅಳಿದಿದೆಯೇ ಎಂದು ನೋಡುವುದೇ ಅತ್ಯಂತ ಅಗ್ಗದ ಪರೀಕ್ಷೆ. ಅಂಥ ತಾಣ ಸಿಗದಿದ್ದಾಗ ನಾನು ಸಾಮಾನ್ಯವಾಗಿ ಎರಡು ಗೈಡ್‌ಗಳನ್ನು ಒಟ್ಟಿಗೆ ಬಳಸಿ ನಡುವಿನ ಕೆಲವು ನೂರು ಬೇಸ್‌ಗಳನ್ನು ತೆಗೆದುಹಾಕುವ ದಾರಿ ಹಿಡಿಯುತ್ತೇನೆ. ಅದರಿಂದ ದೊರೆಯುವ ಚಿಕ್ಕ ತುಣುಕಿನ ಬ್ಯಾಂಡನ್ನು (ಪಟ್ಟಿಯನ್ನು), ಡಿಎನ್‌ಎ ತುಣುಕುಗಳನ್ನು ಅಳತೆಯಂತೆ ಬೇರ್ಪಡಿಸುವ ಸಾಧಾರಣ ಅಗರೋಸ್ ಜೆಲ್‌ನಲ್ಲಿಯೇ ಕಾಣಬಹುದು, ಬೇರೆ ಉಪಕರಣವೇನೂ ಬೇಕಾಗುವುದಿಲ್ಲ. ಆದರೆ ಎರಡು ಕಡೆಯೂ ಪ್ರತ್ಯೇಕವಾಗಿ ಬೆಸೆದುಕೊಂಡು ನಡುವಿನ ತುಂಡು ಅಲ್ಲಿಯೇ ಉಳಿಯುವ ಸಾಧ್ಯತೆಯೂ, ಅದು ತಿರುಗಿ ಸೇರಿಕೊಳ್ಳುವ ಸಾಧ್ಯತೆಯೂ ಇದೆ. ಹಾಗಾಗಿ ಚಿಕ್ಕ ಬ್ಯಾಂಡ್ ಕಾಣದ ಮಾತ್ರಕ್ಕೆ ಏನೂ ಆಗಿಲ್ಲ ಎಂದು ತೀರ್ಮಾನಿಸಬಾರದು.

ಗೈಡ್ ಗುರಿಯಿಡುವ ಜಾಗ ವಂಶವಾಹಿಯ ಎಲ್ಲ ಪ್ರತಿಲಿಪಿಗಳಲ್ಲಿಯೂ ಇರುವ, ಪ್ರೋಟೀನ್ ಸಂಕೇತದ ಮೊದಲ ಭಾಗಕ್ಕೆ ಹತ್ತಿರವಿರುವ ಎಕ್ಸಾನ್ (ಪ್ರತಿಲಿಪಿಯಲ್ಲಿ ಉಳಿಯುವ ಭಾಗ) ಆಗಿದ್ದರೆ ಒಳ್ಳೆಯದು. ಆದರೆ ಪ್ರೋಟೀನ್ ತಯಾರಿಕೆ ಆರಂಭವಾಗುವ ಗುರುತಾದ ಮೊದಲ ಎಟಿಜಿಗೆ ತೀರ ಅಂಟಿಕೊಂಡಿರುವುದು ಬೇಡ, ಮುಂದಿನ ಇನ್ನೊಂದು ಎಟಿಜಿಯಿಂದ ಪ್ರೋಟೀನ್ ತಯಾರಿಕೆ ಆರಂಭವಾಗಿಬಿಡಬಹುದು. ನೀವು ಚುಚ್ಚಲಿರುವ ತಳಿಯಲ್ಲಿ ಆ ಜಾಗದ ಡಿಎನ್‌ಎಯನ್ನು ಓದಿಸಿ ನೋಡುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. 2000ದಲ್ಲಿ ಪ್ರಕಟವಾಗಿ ಮುಂದೆ ಪರಿಷ್ಕೃತವಾದ ಜೀನೋಮ್ ಬೇರೊಂದು ತಳಿಯದು. ಗೈಡ್ ಕೂರುವ ಇಪ್ಪತ್ತು ಬೇಸ್‌ಗಳಲ್ಲಿ ನಿಮ್ಮ ತಳಿಯಲ್ಲಿ ಒಂದು ವ್ಯತ್ಯಾಸವಿದ್ದರೂ, ಅದು ಪ್ಯಾಮ್ ಹತ್ತಿರವೇ ಇದ್ದರೆ, ಇಡೀ ಪ್ರಯತ್ನ ನೀರಿನಲ್ಲಿಟ್ಟ ಹೋಮವಾಗುತ್ತದೆ. ಹೀಗೆ ಓದಿಸಿದ ಮಾಹಿತಿ ಕೊನೆಯಲ್ಲಿ ಹೋಲಿಕೆಗೂ ಬೇಕಾಗುತ್ತದೆ.

ಚುಚ್ಚಿಸಿಕೊಂಡ ತಲೆಮಾರು

ಭ್ರೂಣದ ಹಿಂತುದಿಯಲ್ಲಿ ಧ್ರುವಕೋಶಗಳು, ಅಂದರೆ ಮುಂದೆ ಅಂಡಾಣು ಮತ್ತು ವೀರ್ಯಾಣುಗಳಾಗುವ ಕೋಶಗಳು, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಟ್ಟ ಸುಮಾರು ಒಂದೂವರೆ ಗಂಟೆಗೆ ರೂಪುಗೊಳ್ಳುತ್ತವೆ. ಚುಚ್ಚುವಿಕೆ ಅದಕ್ಕಿಂತ ಮೊದಲೇ ಮುಗಿದಿರಬೇಕು. ಈ ಭ್ರೂಣಗಳಿಂದ ಬೆಳೆದ ನೊಣಗಳನ್ನು ಜಿ0 ಎನ್ನುತ್ತಾರೆ. ಜಿ0 ನೊಣದ ಮೈ ಏಕರೂಪವಾಗಿರುವುದಿಲ್ಲ. ಒಂದೊಂದು ಕೋಶಸಮೂಹದಲ್ಲಿ ಒಂದೊಂದು ಬಗೆಯ ತಿದ್ದುಪಡಿ ಇರಬಹುದು, ಕೆಲವೆಡೆ ಏನೂ ಆಗದೆಯೂ ಇರಬಹುದು. ಆದ್ದರಿಂದ ಜಿ0 ನೊಣದ ಕಾಲನ್ನೋ ರೆಕ್ಕೆಯನ್ನೋ ಪರೀಕ್ಷಿಸಿ ಅದರ ಮಕ್ಕಳ ಬಗ್ಗೆ ಭವಿಷ್ಯ ನುಡಿಯಲಾಗದು. ಗೈಡ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಾತ್ರ ಅದರಿಂದ ತಿಳಿಯಬಹುದು.

ಪ್ರತಿಯೊಂದು ಜಿ0 ನೊಣವನ್ನೂ ಒಂಟಿಯಾಗಿ, ಪ್ರತ್ಯೇಕ ಸೀಸೆಯಲ್ಲಿ, ಬ್ಯಾಲೆನ್ಸರ್ ತಳಿಯೊಡನೆ ಕೂಡಿಸಿ. ಬ್ಯಾಲೆನ್ಸರ್ ಎಂದರೆ ಎದುರಿನ ವರ್ಣತಂತುವಿನೊಡನೆ ತುಂಡುಗಳ ವಿನಿಮಯವನ್ನು ತಡೆಯುವ, ಕಣ್ಣಿಗೆ ಕಾಣುವ ಗುರುತುಳ್ಳ ವರ್ಣತಂತು. ಹಲವು ಜಿ0 ನೊಣಗಳನ್ನು ಒಂದೇ ಸೀಸೆಗೆ ಹಾಕಿ ಜಾಗ ಉಳಿಸಬಹುದೆಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದಾಗ ಮುಂದೆ ಸಿಕ್ಕ ಎರಡು ತಿದ್ದುಪಡಿಗಳು ಒಂದೇ ಮೂಲದವೋ ಬೇರೆ ಬೇರೆಯವೋ ಎಂದು ಹೇಳಲು ಸಾಧ್ಯವಿರುವುದಿಲ್ಲ. ಕೂಡಿಸಲು ತೆಗೆದುಕೊಳ್ಳುವ ಹೆಣ್ಣು ನೊಣಗಳು ಅದುವರೆಗೆ ಗಂಡಿನೊಡನೆ ಕೂಡಿರಬಾರದು. ಪ್ಯೂಪಾದಿಂದ ಹೊರಬಂದ ಹೆಣ್ಣು 25 ಡಿಗ್ರಿಯಲ್ಲಿ ಸುಮಾರು ಎಂಟು ಗಂಟೆಯವರೆಗೆ ಕೂಡುವುದಿಲ್ಲ, 18 ಡಿಗ್ರಿಯಲ್ಲಿ ಈ ಅವಧಿ ಇಮ್ಮಡಿಯಷ್ಟಾಗುತ್ತದೆ. ಬಿಳಿಚಿದ ಮೈ ಮತ್ತು ಹೊಟ್ಟೆಯ ಮೂಲಕ ಕಾಣುವ ಕಪ್ಪು ಚುಕ್ಕೆ ಹೊಸದಾಗಿ ಹೊರಬಂದ ನೊಣದ ಖಚಿತ ಗುರುತುಗಳು. ಸಂಶಯವಿದ್ದರೆ ಆ ಹೆಣ್ಣನ್ನು ಕೆಲವು ದಿನ ಒಂಟಿಯಾಗಿಟ್ಟು, ಮರಿಹುಳುಗಳು ಕಾಣಿಸದಿದ್ದರೆ ಮಾತ್ರ ಬಳಸಿ.

ಚುಚ್ಚಿದ ತಳಿ ಕ್ಯಾಸ್9 ಅನ್ನು ತನ್ನ ಜೀನೋಮ್‌ನಲ್ಲಿಯೇ ಹೊತ್ತದ್ದಾಗಿದ್ದರೆ, ಮುಂದಿನ ತಲೆಮಾರಿನಲ್ಲಿ ಕ್ಯಾಸ್9 ಇಲ್ಲದ ನೊಣಗಳನ್ನು ಆರಿಸಿಕೊಳ್ಳುವುದು ಜಾಣತನ. ಗೈಡ್ ಕೂಡ ಜೀನೋಮ್‌ನಲ್ಲಿ ಸೇರಿರುವ ಯೋಜನೆಯಲ್ಲಂತೂ ಇದು ಕಡ್ಡಾಯ. ಎರಡೂ ಒಟ್ಟಿಗೆ ಉಳಿದರೆ ಕತ್ತರಿಸುವಿಕೆ ನಿಲ್ಲುವುದೇ ಇಲ್ಲ, ಇವತ್ತು ಓದಿದ ಅನುಕ್ರಮ ಮುಂದಿನ ತಲೆಮಾರಿನಲ್ಲಿ ಬೇರೆಯಾಗಿರುತ್ತದೆ. ಗೈಡ್ ಮತ್ತು ಕ್ಯಾಸ್9 ಎರಡನ್ನೂ ಗುರಿಯ ತಾಣದಲ್ಲಿಯೇ ಸೇರಿಸುವ ರಚನೆಗಳು ತಾವಾಗಿ ಹರಡಬಲ್ಲವು. ಅಂಥವನ್ನು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿಯಿಲ್ಲದೆ ಕೈಗೆತ್ತಿಕೊಳ್ಳಲೇಬಾರದು.

ಎಷ್ಟು ಮಕ್ಕಳನ್ನು ಪರೀಕ್ಷಿಸಬೇಕು?

ಒಂದು ಜಿ0 ನೊಣದ ಲಿಂಗಾಣುಗಳಲ್ಲಿ ಅರ್ಧದಷ್ಟು ತಿದ್ದುಪಡಿಗೊಂಡಿವೆ ಎಂದುಕೊಳ್ಳೋಣ. ಅದರ ಐದು ಮಕ್ಕಳನ್ನು ಪರೀಕ್ಷಿಸಿದರೆ ಐದರಲ್ಲಿಯೂ ತಿದ್ದುಪಡಿ ಇಲ್ಲದಿರುವ ಸಂಭವ 32ರಲ್ಲಿ 1 ಮಾತ್ರ. ಹತ್ತರಲ್ಲಿ ಒಂದು ಲಿಂಗಾಣು ಮಾತ್ರ ತಿದ್ದುಪಡಿಗೊಂಡಿದ್ದರೆ ಐದು ಮಕ್ಕಳಲ್ಲಿ ಅದು ತಪ್ಪಿಹೋಗುವ ಸಂಭವ ಶೇ. 59ಕ್ಕೆ ಏರುತ್ತದೆ, ಹತ್ತು ಮಕ್ಕಳನ್ನು ನೋಡಿದರೆ ಶೇ. 35, ಇಪ್ಪತ್ತನ್ನು ನೋಡಿದರೂ ಶೇ. 12. ಅಂದರೆ ಗೈಡ್ ಚುರುಕಾಗಿದ್ದಾಗ ಪ್ರತಿ ಜಿ0 ನೊಣದಿಂದ ನಾಲ್ಕೈದು ಮಕ್ಕಳು ಸಾಕು, ಮಂದವಾಗಿದ್ದಾಗ ಒಂದೇ ನೊಣದ ಸಂತತಿಯನ್ನು ಜಾಲಾಡುವುದಕ್ಕಿಂತ ಹೆಚ್ಚು ಜಿ0 ನೊಣಗಳತ್ತ ಹೋಗುವುದು ಮೇಲು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ನೊಣದ ಮಕ್ಕಳಲ್ಲಿ ಸಿಗುವ ತಿದ್ದುಪಡಿಗಳು ಹಲವೊಮ್ಮೆ ಒಂದೇ ಮೂಲಕೋಶದಿಂದ ಬಂದ ಒಂದೇ ತಿದ್ದುಪಡಿಯ ನಕಲುಗಳಾಗಿರುತ್ತವೆ.

ಈ ಶ್ರಮವನ್ನು ತಗ್ಗಿಸುವ ಉಪಾಯವೊಂದಿದೆ. ವೈಟ್ ಅಥವಾ ಎಬೊನಿಯಂಥ, ಕಣ್ಣಿಗೆ ಕಾಣುವ ಲಕ್ಷಣದ ವಂಶವಾಹಿಗೂ ಒಂದು ಗೈಡನ್ನು ಜೊತೆಯಲ್ಲಿಯೇ ಚುಚ್ಚಬಹುದು. ಯಾವ ಜಿ0 ನೊಣದ ಮಕ್ಕಳಲ್ಲಿ ಆ ಲಕ್ಷಣ ಧಾರಾಳವಾಗಿ ಕಾಣುತ್ತದೆಯೋ ಆ ನೊಣದ ಲಿಂಗಾಣುಗಳಿಗೆ ಕ್ಯಾಸ್9 ಚೆನ್ನಾಗಿ ತಲುಪಿದೆ ಎಂದರ್ಥ, ನಿಮ್ಮ ಗುರಿಯ ತಿದ್ದುಪಡಿಯನ್ನೂ ಅಲ್ಲಿಯೇ ಮೊದಲು ಹುಡುಕಿ. ಜೊತೆಯ ವಂಶವಾಹಿ ನಿಮ್ಮ ಗುರಿಯಿರುವ ವರ್ಣತಂತುವಿನ ಮೇಲೆಯೇ ಇದ್ದರೆ ಮುಂದೆ ಎರಡನ್ನೂ ಬೇರ್ಪಡಿಸುವ ಕೆಲಸ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಎಫ್1: ಕೂಡಿಸುವ ಯೋಜನೆ

ಗುರಿಯ ವಂಶವಾಹಿ ಎರಡನೆಯ ವರ್ಣತಂತುವಿನಲ್ಲಿದೆ ಎಂದಿಟ್ಟುಕೊಂಡು ವಿವರಿಸುತ್ತೇನೆ. ಜಿ0 ನೊಣವನ್ನು ಒಂದು ವರ್ಣತಂತುವಿನಲ್ಲಿ ಸ್ಕೂಟಾಯ್ಡ್ (ಎದೆಯ ಬಿರುಗೂದಲು ಕಡಿಮೆಯಾಗಿಸುವ ಗುರುತು), ಇನ್ನೊಂದರಲ್ಲಿ ಸೈಓ (ರೆಕ್ಕೆಯನ್ನು ಸುರುಳಿಯಾಗಿಸುವ) ಬ್ಯಾಲೆನ್ಸರ್ ಇರುವ ತಳಿಯೊಡನೆ ಕೂಡಿಸಿ. ಅದರ ಮಕ್ಕಳಲ್ಲಿ, ಅಂದರೆ ಎಫ್1 ತಲೆಮಾರಿನಲ್ಲಿ, ರೆಕ್ಕೆ ಸುರುಳಿಯಾಗಿರುವ, ಎದೆಯ ಬಿರುಗೂದಲುಗಳು ಮಾಮೂಲಾಗಿರುವ ಗಂಡುಗಳನ್ನು ಆರಿಸಿ. ಇವುಗಳಲ್ಲಿ ಒಂದು ವರ್ಣತಂತು ಜಿ0 ನೊಣದ್ದು, ಇನ್ನೊಂದು ಸೈಓ. ಗಂಡನ್ನೇ ಆರಿಸುವುದಕ್ಕೆ ಕಾರಣ, ಡ್ರೊಸೊಫಿಲಾ ಗಂಡಿನಲ್ಲಿ ಲಿಂಗಾಣು ರೂಪುಗೊಳ್ಳುವಾಗ ವರ್ಣತಂತುಗಳ ನಡುವೆ ತುಂಡುಗಳ ವಿನಿಮಯ ನಡೆಯುವುದಿಲ್ಲ, ಜೊತೆಗೆ ಒಂದೇ ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು.

ಇಂಥ ಪ್ರತಿಯೊಂದು ಎಫ್1 ಗಂಡನ್ನೂ ಮತ್ತೆ ಒಂಟಿಯಾಗಿ, ಅದೇ ಬ್ಯಾಲೆನ್ಸರ್ ತಳಿಯ ಎರಡು ಮೂರು ಹೊಸ ಹೆಣ್ಣುಗಳೊಡನೆ ಬಿಡಿ. ನಾಲ್ಕೈದು ದಿನಗಳಲ್ಲಿ ಆಹಾರದಲ್ಲಿ ಮರಿಹುಳುಗಳು ಹರಿದಾಡುವುದು ಕಂಡ ಮೇಲೆ ಆ ಗಂಡನ್ನು ಹೊರತೆಗೆದು ಡಿಎನ್‌ಎ ಪರೀಕ್ಷೆಗೆ ಬಳಸಿ. ತಂದೆ ಸತ್ತರೂ ಅದರ ವರ್ಣತಂತು ಸೀಸೆಯಲ್ಲಿ ಬೆಳೆಯುತ್ತಿರುತ್ತದೆ. ಹೊಸ ತಲೆಮಾರು ಹೊರಬರಲು ಹತ್ತು ದಿನ ಬೇಕಾಗುವುದರಿಂದ, ಪರೀಕ್ಷೆಯ ಫಲಿತಾಂಶ ಅದಕ್ಕಿಂತ ಮೊದಲೇ ಕೈಸೇರುತ್ತದೆ ಮತ್ತು ಬೇಡದ ಸೀಸೆಗಳನ್ನು ಆಗಲೇ ತೆಗೆದುಹಾಕಬಹುದು. ಉಳಿದ ಸೀಸೆಯಲ್ಲಿ ಹುಟ್ಟುವ ನೊಣಗಳ ಪೈಕಿ ಸೈಓದ ಎರಡು ಪ್ರತಿಗಳಿರುವವು ಸಾಯುತ್ತವೆ. ಸುರುಳಿ ರೆಕ್ಕೆಯೊಡನೆ ಸ್ಕೂಟಾಯ್ಡ್ ಲಕ್ಷಣವೂ ಇರುವವುಗಳಲ್ಲಿ ನಿಮಗೆ ಬೇಕಾದ ವರ್ಣತಂತು ಇಲ್ಲ. ಸುರುಳಿ ರೆಕ್ಕೆಯಿದ್ದು ಸ್ಕೂಟಾಯ್ಡ್ ಇಲ್ಲದ ಅಣ್ಣತಂಗಿಯರನ್ನು ಪರಸ್ಪರ ಕೂಡಿಸಿದರೆ ಸ್ಥಿರವಾದ ಸ್ಟಾಕ್ (ತಲೆಮಾರುಗಳುದ್ದಕ್ಕೂ ಉಳಿಸಿಕೊಳ್ಳುವ ಸಾಲು) ಸಿದ್ಧವಾಯಿತು. ತಂಪಿನಲ್ಲಿ ಬೆಳೆದ ನೊಣಗಳಲ್ಲಿ ಸುರುಳಿ ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ಈ ವಿಂಗಡಣೆಯನ್ನು 25 ಡಿಗ್ರಿಯಲ್ಲಿ ಬೆಳೆಸಿದ ನೊಣಗಳಲ್ಲಿಯೇ ಮಾಡಿ.

ಮೂರನೆಯ ವರ್ಣತಂತುವಿಗೆ ಟಿಎಂ3 ಅಥವಾ ಟಿಎಂ6ಬಿ ಬ್ಯಾಲೆನ್ಸರ್ ಇಟ್ಟುಕೊಂಡು ಇದೇ ದಾರಿ. ಟಿಎಂ6ಬಿಯ ಟಬ್ಬಿ (ಮೈ ಗಿಡ್ಡವಾಗಿ ದಪ್ಪಗಾಗುವ) ಗುರುತು ಮರಿಹುಳು ಮತ್ತು ಪ್ಯೂಪಾಗಳಲ್ಲಿಯೂ ಕಾಣುವುದರಿಂದ, ಪ್ರೌಢಾವಸ್ಥೆಗೆ ಮೊದಲೇ ಸಾಯುವ ತಿದ್ದುಪಡಿಗಳಿಗೆ ಅದು ಹೆಚ್ಚು ಉಪಯುಕ್ತ. ಎಕ್ಸ್ ವರ್ಣತಂತುವಿನ ವಿಷಯ ಮಾತ್ರ ಬೇರೆ: ಗಂಡು ಜಿ0 ತನ್ನ ಎಕ್ಸ್ ಅನ್ನು ಹೆಣ್ಣುಮಕ್ಕಳಿಗೆ ಮಾತ್ರ ಕೊಡುತ್ತದೆ, ಆದ್ದರಿಂದ ಎಫ್‌ಎಂ7 ಬ್ಯಾಲೆನ್ಸರ್ ಎದುರು ಎಫ್1 ಹೆಣ್ಣುಗಳನ್ನೇ ಪರೀಕ್ಷಿಸಬೇಕಾಗುತ್ತದೆ.

ಡಿಎನ್‌ಎ ಮತ್ತು ಪಿಸಿಆರ್

ಒಂದು ನೊಣಕ್ಕೆ 50 ಮೈಕ್ರೋಲೀಟರ್ ದ್ರಾವಣ ಸಾಕು. ಅದರಲ್ಲಿ 10 ಮಿಲಿಮೋಲಾರ್ ಟ್ರಿಸ್, ಪಿಎಚ್ 8.2, 1 ಮಿಲಿಮೋಲಾರ್ ಇಡಿಟಿಎ, 25 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಮತ್ತು ಮಿಲಿಲೀಟರಿಗೆ 200 ಮೈಕ್ರೋಗ್ರಾಂ ಪ್ರೋಟೀನೇಸ್ ಕೆ ಇರಬೇಕು. ಪ್ರೋಟೀನೇಸನ್ನು ಬಳಸುವ ಹೊತ್ತಿಗೆ ಮಾತ್ರ ಬೆರೆಸಿ. ಪಿಪೆಟ್‌ನಲ್ಲಿ ದ್ರಾವಣ ತುಂಬಿಕೊಂಡು, ಅದನ್ನು ಹೊರಬಿಡದೆ ತುದಿಯಿಂದಲೇ ನೊಣವನ್ನು ಐದಾರು ಸೆಕೆಂಡು ಜಜ್ಜಿ, ಅನಂತರ ಉಳಿದ ದ್ರಾವಣವನ್ನು ಬಿಡುವುದು ರೂಢಿ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಕಿಣ್ವವನ್ನು ನಿಷ್ಕ್ರಿಯಗೊಳಿಸಲು 95 ಡಿಗ್ರಿಯಲ್ಲಿ ಎರಡರಿಂದ ಐದು ನಿಮಿಷ ಕಾಯಿಸಬೇಕು. ಇದನ್ನು ಮರೆತರೆ ಪ್ರೋಟೀನೇಸ್ ಪಿಸಿಆರ್‌ನ ಪಾಲಿಮರೇಸನ್ನೇ ತಿಂದುಹಾಕುತ್ತದೆ. 20ರಿಂದ 25 ಮೈಕ್ರೋಲೀಟರ್ ಪಿಸಿಆರ್‌ಗೆ ಈ ರಸದ 1 ಮೈಕ್ರೋಲೀಟರ್ ಸಾಕು. ಬ್ಯಾಂಡ್ ಬರದಿದ್ದಾಗ ಹೆಚ್ಚು ಹಾಕಲು ಮನಸ್ಸಾಗುವುದು ಸಹಜ, ಆದರೆ ಹತ್ತು ಪಟ್ಟು ತೆಳುಗೊಳಿಸಿ ನೋಡುವುದೇ ಸರಿಯಾದ ಮೊದಲ ಹೆಜ್ಜೆ. ನೊಣ ಬದುಕಿ ಉಳಿಯಲೇಬೇಕಾದ ಸಂದರ್ಭದಲ್ಲಿ ಒಂದು ಕಾಲು ಅಥವಾ ರೆಕ್ಕೆಯಿಂದಲೂ ಪಿಸಿಆರ್‌ಗೆ ಸಾಕಾಗುವಷ್ಟು ಡಿಎನ್‌ಎ ದೊರೆಯುತ್ತದೆ.

ಪ್ರೈಮರ್‌ಗಳು, ಅಂದರೆ ಪಿಸಿಆರ್ ವರ್ಧಿಸುವ ತುಣುಕಿನ ಎರಡು ತುದಿಗಳಲ್ಲಿ ಕೂರುವ ಚಿಕ್ಕ ಡಿಎನ್‌ಎ ಎಳೆಗಳು, ಕತ್ತರಿಸುವ ಜಾಗದಿಂದ ಎಷ್ಟು ದೂರವಿರಬೇಕು ಎಂಬುದು ಪತ್ತೆಯ ವಿಧಾನವನ್ನು ಅವಲಂಬಿಸಿದೆ. ಕರಗುವಿಕೆಯ ವಕ್ರರೇಖೆಯನ್ನು ಸೂಕ್ಷ್ಮವಾಗಿ ಅಳೆಯುವ ಎಚ್‌ಆರ್‌ಎಂ ವಿಧಾನಕ್ಕೆ 100ರಿಂದ 200 ಬೇಸ್ ಜೋಡಿಗಳ ಚಿಕ್ಕ ತುಣುಕು ಬೇಕು. ಹೊಂದಾಣಿಕೆಯಿಲ್ಲದ ಎಳೆಗಳ ಜೋಡಿಯನ್ನು ಕಿಣ್ವದಿಂದ ಕತ್ತರಿಸಿ ನೋಡುವ ಟಿ7 ಎಂಡೋನ್ಯೂಕ್ಲಿಯೇಸ್ ವಿಧಾನಕ್ಕೆ 500ರಿಂದ 700 ಬೇಸ್‌ಗಳ ತುಣುಕು ಒಳ್ಳೆಯದು. ಕತ್ತರಿಸುವ ಜಾಗ ತುಣುಕಿನ ನಟ್ಟನಡುವೆ ಇರದೆ ಒಂದು ಬದಿಗೆ ಸರಿದಿದ್ದರೆ ಎರಡು ಚೂರುಗಳು ಬೇರೆ ಬೇರೆ ಅಳತೆಯವಾಗಿ ಜೆಲ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಪ್ರೈಮರ್ ಕೂರುವ ಜಾಗವೇ ಅಳಿದುಹೋಗುವಷ್ಟು ದೊಡ್ಡ ಕಡಿತ ಉಂಟಾದರೆ ಸರಿಯಾದ ಪ್ರತಿ ಮಾತ್ರ ವರ್ಧಿಸಿ, ನೊಣ ತಿದ್ದುಪಡಿಯಾಗಿಲ್ಲವೆಂದೇ ತೋರುತ್ತದೆ. ಗೈಡ್ ಚುರುಕಾಗಿದೆಯೆಂದು ತಿಳಿದಿದ್ದೂ ಎಲ್ಲ ಮಾದರಿಗಳು ಮಾಮೂಲಾಗಿ ಕಂಡಾಗ, ಹೊರಗಿನ ಪ್ರೈಮರ್ ಜೋಡಿಯೊಂದನ್ನು ಪ್ರಯತ್ನಿಸಿ ನೋಡಬೇಕು.

ಬ್ಯಾಲೆನ್ಸರ್ ಒಡ್ಡುವ ಮೋಸ

ಎಚ್‌ಆರ್‌ಎಂ ಆಗಲಿ ಟಿ7 ಆಗಲಿ ತಿದ್ದುಪಡಿಯನ್ನು ನೇರವಾಗಿ ನೋಡುವುದಿಲ್ಲ. ಪಿಸಿಆರ್ ಉತ್ಪನ್ನವನ್ನು 95 ಡಿಗ್ರಿಗೆ ಕಾಯಿಸಿ ನಿಧಾನವಾಗಿ ತಣಿಸಿದಾಗ, ಸರಿಯಾದ ಎಳೆ ಮತ್ತು ತಿದ್ದಿದ ಎಳೆ ಜೊತೆಗೂಡಿ, ಹೊಂದಾಣಿಕೆಯಿಲ್ಲದ ಕಡೆ ಉಬ್ಬಿಕೊಂಡ ಮಿಶ್ರಜೋಡಿಗಳಾಗುತ್ತವೆ. ಟಿ7 ಕಿಣ್ವವು 37 ಡಿಗ್ರಿಯಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆಯ ಅವಧಿಯಲ್ಲಿ ಆ ಉಬ್ಬನ್ನು ಕತ್ತರಿಸುತ್ತದೆ. ಎರಡೂ ಪ್ರತಿಗಳು ಒಂದೇ ರೀತಿ ತಿದ್ದುಪಡಿಗೊಂಡ ನೊಣದಲ್ಲಿ ಉಬ್ಬೇ ಇರದ ಕಾರಣ ಈ ಪರೀಕ್ಷೆ ಏನನ್ನೂ ತೋರಿಸುವುದಿಲ್ಲ.

ಹೊಸಬರನ್ನು ಹೆಚ್ಚಾಗಿ ಕೆಡಿಸುವ ಸಂಗತಿ ಬೇರೆಯೇ. ಎಫ್1 ನೊಣದಲ್ಲಿ ಗುರಿಯ ವರ್ಣತಂತುವಿನ ಎದುರಿಗಿರುವುದು ಬ್ಯಾಲೆನ್ಸರ್. ಅದು ಬೇರೆ ತಳಿಯಿಂದ ಬಂದದ್ದಾದ್ದರಿಂದ ಅದರ ಅನುಕ್ರಮದಲ್ಲಿ ತನ್ನದೇ ಚಿಕ್ಕಪುಟ್ಟ ವ್ಯತ್ಯಾಸಗಳಿರುತ್ತವೆ. ತಿದ್ದುಪಡಿ ಆಗಿರದಿದ್ದರೂ ಈ ವ್ಯತ್ಯಾಸಗಳಿಂದಲೇ ಮಿಶ್ರಜೋಡಿಗಳು ಉಂಟಾಗಬಲ್ಲವು. ನಾನು ಒಮ್ಮೆ ಪರೀಕ್ಷಿಸಿದ ಎಫ್1 ನೊಣಗಳೆಲ್ಲವೂ ತಿದ್ದುಪಡಿಗೊಂಡಂತೆ ತೋರಿದಾಗ ಒಂದು ದಿನವೆಲ್ಲ ಸಂಭ್ರಮಿಸಿದ್ದೆ. ಎಲ್ಲವೂ ಯಶಸ್ವಿಯಾಗಿವೆಯೆಂದು ಜೆಲ್ ಹೇಳುವಾಗಲೇ ಅನುಮಾನ ಬರಬೇಕಿತ್ತು. ಹೋಲಿಕೆಗೆ ಇಟ್ಟಿದ್ದು ಶುದ್ಧ ತಳಿಯ ನೊಣವನ್ನು, ಇಡಬೇಕಾಗಿದ್ದದ್ದು ಚುಚ್ಚದ ಅದೇ ತಳಿಯನ್ನು ಬ್ಯಾಲೆನ್ಸರ್‌ನೊಡನೆ ಕೂಡಿಸಿ ಪಡೆದ ಮಗುವನ್ನು. ಆ ಮಾದರಿಯೊಂದು ಪಕ್ಕದಲ್ಲಿದ್ದರೆ, ಅದರಲ್ಲಿಲ್ಲದ ಹೊಸ ಬ್ಯಾಂಡ್ ಅಥವಾ ಹೊಸ ವಕ್ರರೇಖೆ ಮಾತ್ರ ತಿದ್ದುಪಡಿಯ ಸುಳಿವಾಗುತ್ತದೆ. ಡಿಎನ್‌ಎ ಹಾಕದ ಖಾಲಿ ಮಾದರಿಯನ್ನೂ ಪ್ರತಿ ಸಲ ಇಡಬೇಕೆಂದು ಹೇಳುವ ಅಗತ್ಯವಿಲ್ಲ.

ಓದಿಸಿ ಖಚಿತಪಡಿಸುವುದು

ಸುಳಿವು ಕೊಟ್ಟ ನೊಣಗಳ ಪಿಸಿಆರ್ ಉತ್ಪನ್ನವನ್ನು ಬೇಸ್‌ಗಳನ್ನು ಶಿಖರಗಳ ಸಾಲಾಗಿ ತೋರಿಸುವ ಸ್ಯಾಂಗರ್ ವಿಧಾನದಿಂದ ಓದಿಸಿ. ಎಫ್1 ನೊಣದಲ್ಲಿ ಎರಡು ಬಗೆಯ ಪ್ರತಿಗಳಿರುವುದರಿಂದ, ಕತ್ತರಿಸಿದ ಜಾಗದವರೆಗೆ ಒಂಟಿಯಾಗಿ ಸಾಗುವ ಶಿಖರಗಳು ಅಲ್ಲಿಂದ ಮುಂದೆ ಜೋಡಿ ಜೋಡಿಯಾಗಿ ಒಂದರ ಮೇಲೊಂದು ಬೀಳುತ್ತವೆ. ಜೋಡಿ ಶಿಖರಗಳು ಕತ್ತರಿಸಿದ ಜಾಗಕ್ಕೆ ಮೊದಲೇ ಅಲ್ಲೊಂದು ಇಲ್ಲೊಂದು ಕಂಡರೆ ಅವು ಬ್ಯಾಲೆನ್ಸರ್‌ನ ವ್ಯತ್ಯಾಸಗಳು. ಟೈಡ್, ಐಸ್ ಮುಂತಾದ ತಂತ್ರಾಂಶಗಳು ಈ ಮಿಶ್ರಣವನ್ನು ಬಿಡಿಸಿಕೊಡುತ್ತವೆ. ಆದರೂ ಕೊನೆಯ ದಾಖಲೆಗೆ ಒಂದೇ ಬಗೆಯ ಪ್ರತಿಯಿರುವ ಮಾದರಿ ಬೇಕು. ಎರಡೂ ಪ್ರತಿ ತಿದ್ದುಪಡಿಗೊಂಡ ನೊಣ ಬದುಕುವುದಾದರೆ ಸುರುಳಿಯಿಲ್ಲದ ರೆಕ್ಕೆಯದನ್ನು ಸ್ಟಾಕಿನಿಂದ ಆರಿಸಿದರಾಯಿತು. ಬದುಕದಿದ್ದರೆ ಹಸಿರು ಹೊಳಪಿನ ಬ್ಯಾಲೆನ್ಸರ್ ಬಳಸಿ, ಹೊಳೆಯದ ಭ್ರೂಣ ಅಥವಾ ಮರಿಹುಳುಗಳನ್ನು ಆರಿಸಿ. ಆ ಪ್ರದೇಶವೇ ಇಲ್ಲದ ಡಿಫಿಶಿಯನ್ಸಿ ತಳಿಯೊಡನೆ ಕೂಡಿಸಿದಾಗಲೂ ಪಿಸಿಆರ್‌ನಲ್ಲಿ ನಿಮ್ಮ ಪ್ರತಿಯೊಂದೇ ವರ್ಧಿಸುತ್ತದೆ.

ಕಳೆದುಹೋದ ಅಥವಾ ಸೇರಿಕೊಂಡ ಬೇಸ್‌ಗಳ ಸಂಖ್ಯೆ ಮೂರರ ಗುಣಕವಲ್ಲದಿದ್ದರೆ ಓದುವ ಚೌಕಟ್ಟು ತಪ್ಪಿ ಪ್ರೋಟೀನ್ ಅರ್ಧದಲ್ಲಿಯೇ ನಿಲ್ಲುತ್ತದೆ. ಆರು ಬೇಸ್ ಕಳೆದರೆ ಎರಡು ಅಮೈನೋ ಆಮ್ಲ ಮಾತ್ರ ಹೋಗಿ ಪ್ರೋಟೀನ್ ಕೆಲಸ ಮಾಡುತ್ತಲೇ ಇರಬಹುದು. ಪರೀಕ್ಷೆಯಲ್ಲಿ ತಿದ್ದುಪಡಿಯಾಗಿಲ್ಲವೆಂದು ಕಂಡುಬಂದ ಒಂದು ಸೋದರ ಸಾಲನ್ನೂ ಎಸೆಯದೆ ಉಳಿಸಿಕೊಳ್ಳಿ. ಅದೇ ಚುಚ್ಚುವಿಕೆ, ಅದೇ ಕೂಡಿಸುವಿಕೆಗಳನ್ನು ದಾಟಿ ಬಂದ ಆ ಸಾಲಿಗಿಂತ ನ್ಯಾಯವಾದ ಹೋಲಿಕೆ ಮುಂದೆ ಸಿಗುವುದಿಲ್ಲ.

ಹೊಳೆಯುವ ಗುರುತನ್ನು ಸೇರಿಸಿದ್ದರೆ

ಕತ್ತರಿಸಿದ ಜಾಗಕ್ಕೆ ದಾನಿ ಪ್ಲಾಸ್ಮಿಡ್‌ನಿಂದ (ಸೇರಿಸಬೇಕಾದ ತುಣುಕನ್ನು ಹೊತ್ತ ವರ್ತುಲಾಕಾರದ ಡಿಎನ್‌ಎಯಿಂದ) 3ಎಕ್ಸ್‌ಪಿ3-ಡಿಎಸ್‌ರೆಡ್ ಎಂಬ, ಕಣ್ಣಿನಲ್ಲಿ ಕೆಂಪಾಗಿ ಹೊಳೆಯುವ ಗುರುತನ್ನು ಸೇರಿಸುವ ಯೋಜನೆಯಲ್ಲಿ ಎಫ್1 ಶೋಧ ತುಂಬ ಸುಲಭ. ಪ್ರತಿದೀಪ್ತಿ ಸೂಕ್ಷ್ಮದರ್ಶಕದಡಿಯಲ್ಲಿ ಕಣ್ಣು ಕೆಂಪಾಗಿ ಹೊಳೆಯುವ ನೊಣಗಳನ್ನು ಹೆಕ್ಕಿದರೆ ಸಾಕು. ಬಿಳಿಗಣ್ಣಿನ ತಳಿಯಲ್ಲಿ ಇಡೀ ಕಣ್ಣು ಹೊಳೆಯುತ್ತದೆ, ಮಾಮೂಲು ಕೆಂಪುಗಣ್ಣಿನಲ್ಲಿ ವರ್ಣಕವು ಬೆಳಕನ್ನು ತಡೆಯುವುದರಿಂದ ಚಿಕ್ಕ ಚುಕ್ಕೆಯಷ್ಟೇ ಕಾಣುತ್ತದೆ. ಹೊಳಪು ಕಂಡಿತೆಂದರೆ ಗುರುತು ಜೀನೋಮ್‌ನಲ್ಲಿ ಎಲ್ಲೋ ಸೇರಿದೆ ಎಂದಷ್ಟೇ ಅರ್ಥ. ಸರಿಯಾದ ಜಾಗದಲ್ಲಿದೆಯೇ ಎಂದು ತಿಳಿಯಲು ಒಂದು ಪ್ರೈಮರ್ ಹೋಮಾಲಜಿ ತೋಳಿನ (ಕತ್ತರಿಸಿದ ಜಾಗದ ಅಕ್ಕಪಕ್ಕದ ಅನುಕ್ರಮವನ್ನೇ ಹೋಲುವ ಪ್ಲಾಸ್ಮಿಡ್ ಭಾಗದ) ಹೊರಗೆ, ಇನ್ನೊಂದು ಗುರುತಿನ ಒಳಗೆ ಇರುವಂತೆ ಎರಡೂ ಬದಿಗೆ ಪಿಸಿಆರ್ ಮಾಡಲೇಬೇಕು. ಪ್ಲಾಸ್ಮಿಡ್ ಪೂರ್ತಿಯಾಗಿ ಸೇರಿಕೊಂಡಿದ್ದರೂ ಈ ಪರೀಕ್ಷೆಗಳಲ್ಲಿ ಒಂದು ಒಮ್ಮೊಮ್ಮೆ ಗೆಲ್ಲುತ್ತದೆ, ಆದ್ದರಿಂದ ಪ್ಲಾಸ್ಮಿಡ್‌ನ ಬೆನ್ನೆಲುಬು ಭಾಗಕ್ಕೂ ಒಂದು ಪಿಸಿಆರ್ ಇರಲಿ.

ಲಕ್ಷಣ ನಿಜವಾಗಿಯೂ ಈ ತಿದ್ದುಪಡಿಯದೇ?

ಸ್ಟಾಕ್ ಸಿದ್ಧವಾಗಿ, ಎರಡೂ ಪ್ರತಿ ತಿದ್ದುಪಡಿಗೊಂಡ ನೊಣಗಳು ಸಾಯುತ್ತಿವೆ ಎಂದಾದರೆ, ಸಾವಿಗೆ ಅದೇ ವರ್ಣತಂತುವಿನ ಮೇಲೆ ಮೊದಲೇ ಇದ್ದ ಬೇರೊಂದು ದೋಷವೂ ಕಾರಣವಾಗಿರಬಹುದು. ಇದನ್ನು ಬಿಡಿಸಲು ಬೇರೆ ಬೇರೆ ಗೈಡ್‌ಗಳಿಂದ ಪಡೆದ ಎರಡು ಸ್ವತಂತ್ರ ತಿದ್ದುಪಡಿಗಳನ್ನು ಒಂದಕ್ಕೊಂದು ಎದುರಾಗಿ ಕೂಡಿಸಿ ನೋಡಬೇಕು, ಪ್ರತಿಯೊಂದನ್ನೂ ಡಿಫಿಶಿಯನ್ಸಿಯ ಎದುರಿಗೂ ಇಟ್ಟು ನೋಡಬೇಕು. ಆ ವಂಶವಾಹಿಯ ಸರಿಯಾದ ಪ್ರತಿಯನ್ನು ಬೇರೆಡೆ ಸೇರಿಸಿದಾಗ ಲಕ್ಷಣ ಮಾಯವಾದರೆ ಅದಕ್ಕಿಂತ ಬಲವಾದ ಸಾಕ್ಷ್ಯವಿಲ್ಲ. ಹೊರತಳಿಯೊಡನೆ ಕೆಲವು ತಲೆಮಾರು ಕೂಡಿಸಿ ವರ್ಣತಂತುವನ್ನು ಶುಚಿಗೊಳಿಸುವಾಗ ತಿದ್ದುಪಡಿಯನ್ನು ಹೆಣ್ಣುಗಳ ಮೂಲಕವೇ ಸಾಗಿಸಿ, ಮತ್ತು ಆ ತಲೆಮಾರುಗಳಲ್ಲಿ ಬ್ಯಾಲೆನ್ಸರ್ ಎದುರಿಗೆ ಇರದಂತೆ ನೋಡಿಕೊಳ್ಳಿ. ಗಂಡಿನಲ್ಲಿ ವಿನಿಮಯವೇ ನಡೆಯದ ಕಾರಣ, ಗಂಡುಗಳ ಮೂಲಕ ಎಷ್ಟು ಸಲ ಕೂಡಿಸಿದರೂ ಆ ವರ್ಣತಂತು ಇದ್ದ ಹಾಗೆಯೇ ಉಳಿಯುತ್ತದೆ.

ಚೀಟಿ ಮತ್ತು ಸ್ಟಾಕ್

ಗೈಡ್, ಜಿ0 ನೊಣ, ಎಫ್1 ನೊಣ ಈ ಮೂರನ್ನೂ ಸಂಖ್ಯೆಯಲ್ಲಿಯೇ ಅಡಕ ಮಾಡಿ: 2-14-3 ಎಂದರೆ ಎರಡನೆಯ ಗೈಡ್, ಹದಿನಾಲ್ಕನೆಯ ಜಿ0, ಅದರ ಮೂರನೆಯ ಮಗು. ಸೀಸೆ, ಪಿಸಿಆರ್ ನಳಿಕೆ, ಜೆಲ್ ಚಿತ್ರ, ಅನುಕ್ರಮದ ಕಡತ ಎಲ್ಲದರ ಮೇಲೂ ಇದೇ ಸಂಖ್ಯೆ ಇರಲಿ. ಬೇಡವಾದ ನೊಣಗಳನ್ನು ಹೆಪ್ಪುಗಟ್ಟಿಸಿ ಕೊಂದ ಮೇಲೆಯೇ ಹೊರಹಾಕಬೇಕು. ಖಚಿತವಾದ ಸಾಲುಗಳನ್ನು ಎರಡೆರಡು ಸೀಸೆಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಕಪಾಟುಗಳಲ್ಲಿ, 18 ಡಿಗ್ರಿಯಲ್ಲಿ ಇಡಿ. ಕೆಲವು ತಿಂಗಳಿಗೊಮ್ಮೆ ಪ್ರತಿ ಸ್ಟಾಕಿನಿಂದ ಒಂದೆರಡು ನೊಣಗಳನ್ನು ತೆಗೆದು ಅದೇ ಪಿಸಿಆರ್ ಅನ್ನು ಮತ್ತೆ ಮಾಡಿ. ಬದುಕಬಲ್ಲ ತಿದ್ದುಪಡಿಯ ಸ್ಟಾಕಿಗೆ ಹೊರಗಿನ ಒಂದು ನೊಣ ನುಸುಳಿದರೂ ಅದರ ಸಂತತಿ ಸದ್ದಿಲ್ಲದೆ ತುಂಬಿಕೊಳ್ಳುತ್ತದೆ, ಚೀಟಿಯ ಮೇಲಿನ ಹೆಸರು ಮಾತ್ರ ಹಳೆಯದೇ ಇರುತ್ತದೆ.